ಡೊಮೇನ್ ರಿಸೆಲ್ ಮಾಡಾಕ ಯಾವ ರಿಜಿಸ್ಟ್ರಾರ್ ಹಿಡಿಯೂದು? ಗೊತ್ತಿದ್ದಾವ್ರು ಹೇಳ್ರಿ

ಗದಗ್ ಹುಡುಗ

ಎಲ್ಲಾರಿಗೂ ನಮಸ್ಕಾರ್ರೀ. ನಮ್ದು ಗದಗ-ಬೆಟಗೇರಿ, ಮನಿತನದ ಪ್ರಿಂಟಿಂಗ್ ಪ್ರೆಸ್ ಐತಿ. ಬಿಲ್ ಬುಕ್, ಲೆಟರ್‌ಹೆಡ್, ಲಗ್ನಪತ್ರಿಕಿ ಮಾಡಿಸಾಕ ಬರೋ ಗಿರಾಕಿಗೋಳೆಲ್ಲಾ ಈಗೀಗ ವೆಬ್‌ಸೈಟೂ ನೀವ ಮಾಡಿಕೊಟ್ಟುಬಿಡ್ರಿ ಅಂತ ಕೇಳಾಕತ್ತಾರ, ಹಂಗಾಗಿ ನಾನೂ ನಮ್ಮ ತಮ್ಮನೂ ಕೂಡಿ ಅದನ್ನೂ ಚಾಲೂ ಮಾಡೀವಿ. ಸೀರಿ ನೇಯೋರದು, ಕೋಚಿಂಗ್ ಕ್ಲಾಸಿನವರದು, ರಾಣೆಬೆನ್ನೂರಿನ ಬೀಜದ ಅಂಗಡಿಯವರದು ಹಿಂಗ ನಲವತ್ತರ ಆಸುಪಾಸು ಡೊಮೇನ್ (ವೆಬ್‌ಸೈಟಿನ ಹೆಸರು) ನಮ್ಮ ಕೈಯಾಗ ಅದಾವು. ಯಾರಿಗೆ ಯಾವಾಗ ಎಲ್ಲೆ ಕಮ್ಮಿ ಸಿಕ್ತೋ ಅಲ್ಲೆ ತಗೊಂಡು ಕೊಟ್ಟೀವಿ, ನಾಕೈದು ಕಡೆ ಲಾಗಿನ್, ಯಾವುದು ಯಾವಾಗ ರಿನ್ಯೂವಲ್ ಅನ್ನೂದಕ್ಕ ಒಂದು ನೋಟ್‌ಬುಕ್ ಇಟ್ಟೀವಿ.

ಇನ್ನ ಮ್ಯಾಲ ಎಲ್ಲಾ ಒಂದ ಪ್ಯಾನೆಲ್‌ಗೆ ತಂದು, ಒಂದು ರಿಜಿಸ್ಟ್ರಾರ್ (ಡೊಮೇನ್ ನೋಂದಣಿ ಮಾಡಿಕೊಡೋ ಕಂಪನಿ) ಕಡಿಂದ ತಗೊಂಡು ನಮ್ಮ ಹೆಸರಿಲೆ ಮಾರಬೇಕಂತ, ಅಂದ್ರ ರಿಸೆಲ್ ಮಾಡಬೇಕಂತ ಐತಿ. ಒಬ್ಬರು ನೀವ ಐಕ್ಯಾನ್ (ರಿಜಿಸ್ಟ್ರಾರ್‌ಗೋಳಿಗೆ ಮಾನ್ಯತಾ ಕೊಡೋ ಸಂಸ್ಥಾ) ಲೈಸೆನ್ಸ್ ತಗೊಂಡುಬಿಡ್ರಿ ಅಂದ್ರು, ಇನ್ನೊಬ್ಬರು ಬ್ಯಾಡ ಅಂದ್ರು. ಡಾಟ್ ಕಾಮ್ 199 ರೂಪಾಯಿಗೆ ಕೊಡ್ತೀವಿ ಅನ್ನೋವ್ರ ಕಡೆ ರಿಸೆಲ್ಲರ್ ಅಕೌಂಟ್ ತಗೋಬೇಕೋ, ಒಂದೀಟು ತುಟ್ಟಿ ಇದ್ರೂ ದೊಡ್ಡ ಕಂಪನಿ ಹಿಡೀಬೇಕೋ? ನಮ್ಮ ಗಿರಾಕಿಗೋಳೆಲ್ಲಾ ಅಪ್ಪನ ಕಾಲದಿಂದ ಬರೋವ್ರು, ಅವರ ಮುಂದ ಮಾತು ಕೆಡಬಾರದು, ಅದ ಮುಖ್ಯ ನಮಗ.

ಹುಬ್ಬಳ್ಳಿ ಹೋಸ್ಟಿಂಗ್

ತಮ್ಮಾ, ನಾ ವಿದ್ಯಾನಗರದಾಗ ಇದ ಧಂಧೆ ಮಾಡ್ಕೊಂತ ಬಂದೀನಿ, ನನಗ ತಿಳಿದಷ್ಟು ಹೇಳ್ತೀನಿ, ಉದ್ದ ಆಕ್ಕೈತಿ ಆದ್ರ ಪೂರ್ತಿ ಓದು.

ಐಕ್ಯಾನ್ ಮಾತು ಮದ್ಲ ಬಿಟ್ಟಬಿಡು. ಅರ್ಜಿ ಹಾಕಾಕ 3500 ಡಾಲರ್, ಸಿಕ್ಕ ಮ್ಯಾಲ ವರ್ಷಾ ವರ್ಷಾ 4000 ಡಾಲರ್, ಅದರ ಮ್ಯಾಲ ಪ್ರತಿ ಡೊಮೇನಿಗೂ ಸಣ್ಣ ಫೀ, ಅಷ್ಟಾದ್ರೂ ಡಾಟ್ ಕಾಮ್ ಮಾರಬೇಕಂದ್ರ ಅದನ್ನ ನಡಸೋ ವೆರಿಸೈನ್ ಕಂಪನಿ ಜೊತಿ ಬ್ಯಾರೆ ಕರಾರು, ಡಾಟ್ ಇನ್ ಮಾರಬೇಕಂದ್ರ ಅದನ್ನ ನಡಸೋ ನಿಕ್ಸಿ ಕಡೆ ಬ್ಯಾರೆ. ನಲವತ್ತಲ್ಲ, ನಾಕ್ನೂರು ಡೊಮೇನಿಗೂ ಅದು ಗಿಟ್ಟಂಗಿಲ್ಲ. ಒಳ್ಳೆ ರಿಜಿಸ್ಟ್ರಾರ್ ಕೈಕೆಳಗ ರಿಸೆಲ್ಲರ್ ಆಗೂದ ಸರಿ. ಹಂಗ ನಿಮ್ಮ ಬೋರ್ಡಿನ ಮ್ಯಾಲ, ವೆಬ್‌ಸೈಟಿನ ಮ್ಯಾಲ ಐಕ್ಯಾನ್ ಲೋಗೋ ಹಾಕಬ್ಯಾಡ್ರಿ, ಅವರು ಬರದುಕೊಡದ ಹೊರತು ರಿಸೆಲ್ಲರ್‌ಗೆ ಆ ಹಕ್ಕಿಲ್ಲ.

ಇನ್ನ ರೇಟು. ಡಾಟ್ ಕಾಮ್‌ಗೆ ವೆರಿಸೈನ್ ರಿಜಿಸ್ಟ್ರಾರ್‌ಗೋಳ ಕಡೆ ತಗೊಳ್ಳೋ ಹೋಲ್‌ಸೇಲ್ ರೇಟು 2024ರ ಸೆಪ್ಟೆಂಬರ್‌ನ್ಯಾಗ 10.26 ಡಾಲರ್ ಆತು. ರೂಪಾಯಿ ಲೆಕ್ಕದಾಗ ಒಂಬತ್ನೂರರ ಹತ್ರ, ಅದರ ಮ್ಯಾಲ 18% ಜಿಎಸ್‌ಟಿ. ಅಂದ್ರ 199ಕ್ಕ ಕೊಡೋವ ತನ್ನ ಕಿಸೆದಿಂದ ಹಾಕಿ ಕೊಡಾಕತ್ತಾನ, ಆ ರೊಕ್ಕ ಎರಡನೇ ವರ್ಷ ರಿನ್ಯೂವಲ್‌ನ್ಯಾಗ ತಗೊಳ್ತಾನ. ನಿನ್ನ ಗಿರಾಕಿಗೆ ಮದಲನೇ ವರ್ಷ 500 ಅಂತ ಹೇಳಿ ಮರುವರ್ಷ 1500 ಅಂದ್ರ ಅಂವ ರಿಜಿಸ್ಟ್ರಾರ್‌ಗೆ ಬೈಯಂಗಿಲ್ಲ, ನಿನಗ ಬೈತಾನ. ಅದಕ್ಕ ನೀ ನೋಡಬೇಕಾದ್ದು ಮೂರು ರೇಟು: ರಿನ್ಯೂವಲ್ ಎಷ್ಟು, ಟ್ರಾನ್ಸ್‌ಫರ್ ಎಷ್ಟು, ರಿಡೆಂಪ್ಷನ್ ಎಷ್ಟು. ಹೊಸಾ ರಿಜಿಸ್ಟ್ರೇಷನ್ ರೇಟು ಕಡೀಗೆ ನೋಡಿದ್ರೂ ನಡೀತೈತಿ.

ರಿಡೆಂಪ್ಷನ್ ಅಂದ್ರ ಗೊತ್ತಿರಬೇಕು ನಿನಗ. ಡಾಟ್ ಕಾಮ್ ಎಕ್ಸ್‌ಪೈರ್ ಆದ ಮ್ಯಾಲ ರಿಜಿಸ್ಟ್ರಾರ್ ಬಿಟ್ಟಷ್ಟು ದಿನ, ಭಾಳ ಅಂದ್ರ 45 ದಿನ, ಸಾದಾ ರೇಟಿಗೆ ರಿನ್ಯೂ ಆಕ್ಕೈತಿ. ಅದು ದಾಟಿ ಡಿಲೀಟ್ ಹಾಕಿದ್ರ 30 ದಿನ ರಿಡೆಂಪ್ಷನ್, ಆವಾಗ ವಾಪಸ್ ತರಬೇಕಂದ್ರ ಸಾವಿರಗಟ್ಟಲೆ ದಂಡ. ಆಮ್ಯಾಗ 5 ದಿನ ಪೆಂಡಿಂಗ್ ಡಿಲೀಟ್, ಆ ಐದು ದಿನ ದೇವರು ಬಂದ್ರೂ ಏನೂ ಮಾಡಾಕ ಬರಂಗಿಲ್ಲ, ಅದು ಮುಗದಮ್ಯಾಲ ಯಾರ ಬೇಕಾದ್ರೂ ತಗೋಬೌದು. ಆ 45 ದಿನ ಎಲ್ಲಾರೂ ಪೂರ್ತಿ ಕೊಡಂಗಿಲ್ಲ, ಕೆಲವರು ಅದಕ್ಕಿಂತ ಭಾಳ ಮದ್ಲ ಕೈಬಿಡ್ತಾರ. ಅಕೌಂಟ್ ತೆರಿಯೂಕಿಂತ ಮದ್ಲ ಸಪೋರ್ಟ್‌ಗೆ ಮೇಲ್ ಹಾಕಿ ನಿಮ್ಮಲ್ಲೆ ಎಷ್ಟು ದಿನ ಅಂತ ಬರದುಕೊಡಾಕ ಹೇಳು. ಎಷ್ಟೊತ್ತಿಗೆ ಉತ್ತರ ಬರ್ತೈತಿ, ಹೆಂಗ ಬರ್ತೈತಿ ಅನ್ನೂದ್ರಾಗ ಅವರ ಸಪೋರ್ಟ್ ಹಣೇಬರಾನೂ ತಿಳೀತೈತಿ.

ಹೆಸರು ಕೇಳಿದ್ರ, ನಮ್ಮ ದೇಶದಾಗ ಭಾಳ ಮಂದಿ ಬಳಸೂದು ರಿಸೆಲ್ಲರ್‌ಕ್ಲಬ್, ಮುಂಬೈದ ಡೈರೆಕ್ಟಿಯವರು ಚಾಲೂ ಮಾಡಿದ್ದು, 2014ರಾಗ ಅಮೆರಿಕಾದ ಎಂಡ್ಯೂರೆನ್ಸ್ ಕೈಗೆ ಹೋತು, ಈಗ ನ್ಯೂಫೋಲ್ಡ್ ಅಂತಾರ. ವಾಲೆಟ್‌ನ್ಯಾಗ ರೊಕ್ಕ ಮುಂಗಡ ತುಂಬಿ ಬಳಸೂದು. ಕೆನಡಾದ ಟುಕೌಸ್‌ನವರ ಓಪನ್‌ಎಸ್‌ಆರ್‌ಎಸ್ ಐತಿ, ಅದು ರಿಸೆಲ್ಲರ್‌ಗೋಳ ಸಲುವಾಗಿನ ಇರೂದು. ಗೋಡ್ಯಾಡಿದೂ ರಿಸೆಲ್ಲರ್ ಪ್ಲ್ಯಾನ್ ಐತಿ. ಯಾವುದ ಹಿಡಿ, ಪ್ಯಾನೆಲ್‌ನ್ಯಾಗ ಇಷ್ಟು ಇರಬೇಕು: ಪ್ರತಿ ಗಿರಾಕಿಗೂ ಬ್ಯಾರೆ ಬ್ಯಾರೆ ಲಾಗಿನ್, ರಿಜಿಸ್ಟ್ರಂಟ್ (ಡೊಮೇನ್ ಮಾಲಕರು) ಜಾಗಾದಾಗ ಗಿರಾಕಿ ಹೆಸರು ಗಿರಾಕಿ ಇಮೇಲ್, ಮತ್ತ ಆಥ್ ಕೋಡ್ (ಡೊಮೇನ್ ಬ್ಯಾರೆ ಕಡೆ ಒಯ್ಯಾಕ ಬೇಕಾಗೋ ಗುಟ್ಟಿನ ಕೋಡ್) ಯಾರನ್ನೂ ಕೇಳದ ಅಲ್ಲೇ ತಕ್ಕೊಳ್ಳಾಕ ಬರಬೇಕು. ಬಿಟ್ಟು ಹೋಗಾಕ ಸಲೀಸ ಇರೋ ರಿಜಿಸ್ಟ್ರಾರ್ ಕಡೇನ ನಾ ರೊಕ್ಕ ತುಂಬೂದು. ಹೋಗಾಕ ಬಿಡದವರ ಕಡೆ ಒಳಗ ಹೋಗಬ್ಯಾಡ.

ಧಾರವಾಡದಾಕಿ

ಹುಬ್ಬಳ್ಳಿ ಅಣ್ಣಾರು ಹೇಳಿದ್ದು ಎಲ್ಲಾ ಖರೆ ಅದ. ನಾ ಸಪ್ತಾಪುರದಾಗ ಕೋಚಿಂಗ್ ಸೆಂಟರ್‌ಗಳ ಲೆಕ್ಕಪತ್ರ ನೋಡ್ತೀನಿ, ಹಂಗಾಗಿ ರೊಕ್ಕದ ಕಡಿಂದ ಎರಡು ಮಾತು ಸೇರಿಸ್ತೀನಿ.

ನಿಮಗ ಜಿಎಸ್‌ಟಿ ನಂಬರ್ ಇದ್ರ, ಇಲ್ಲೇ ರೂಪಾಯಿದಾಗ ಬಿಲ್ ಕೊಡೋ ರಿಜಿಸ್ಟ್ರಾರ್ ತಗೊಳ್ರಿ. ಬಿಲ್ ಮ್ಯಾಲೆ ನಿಮ್ಮ ನಂಬರ್ ಬಂದ್ರ ಕಟ್ಟಿದ 18% ಇನ್‌ಪುಟ್ ಸಿಗ್ತದ, ಅಂದ್ರ ನೀವು ಕಟ್ಟಬೇಕಾದ ಜಿಎಸ್‌ಟಿದಾಗ ಅದನ್ನ ಕಳೀಬೌದು. ಪರದೇಶದ ಕಂಪನಿಗೆ ಡಾಲರ್‌ದಾಗ ಕಟ್ಟಿದ್ರಿ ಅಂದ್ರ ಅದು ರಿವರ್ಸ್ ಚಾರ್ಜ್ ಆಗ್ತದ, ಆ ಟ್ಯಾಕ್ಸ್ ನೀವ ಮದಲ ರೊಕ್ಕದಾಗ ತುಂಬಿ ಆಮೇಲೆ ಇನ್‌ಪುಟ್ ತಗೋಬೇಕು. ನಷ್ಟ ಏನಿಲ್ಲ, ಆದ್ರ ತಿಂಗಳಾ ರಿಟರ್ನ್ ಹಾಕೋ ಹೊತ್ತಿಗೆ ಖಟಪಟಿ ಜಾಸ್ತಿ, ಮರತ್ರ ಬಡ್ಡಿ ಬೀಳ್ತದ. ನಿಮ್ಮ ಪ್ರೆಸ್ಸಿನ ಲೆಕ್ಕ ನೋಡೋ ಸಿಎ ಅವರನ್ನ ಒಮ್ಮೆ ಕೇಳಿಬಿಡ್ರಿ.

ಎರಡನೇದು ಆಟೋ ರಿನ್ಯೂವಲ್. 2021ರ ಅಕ್ಟೋಬರ್‌ದಿಂದ ಆರ್‌ಬಿಐ ಇ-ಮ್ಯಾಂಡೇಟ್ (ಕಾರ್ಡಿಂದ ತಾನಾಗೇ ರೊಕ್ಕ ಕಟ್ ಆಗ್ಲಿಕ್ಕೆ ಕೊಡೋ ಒಪ್ಪಿಗಿ) ನಿಯಮ ಬಂದಮೇಲೆ ಪರದೇಶದ ಸೈಟಿನ್ಯಾಗ ನಮ್ಮ ಕಾರ್ಡ್ ಹಾಕಿಟ್ಟು ಆಟೋ ರಿನ್ಯೂ ಆನ್ ಮಾಡಿದ್ರೂ ಎಷ್ಟೋ ಸಲ ರೊಕ್ಕ ಕಟ್ ಆಗೂದಿಲ್ಲ, ಮ್ಯಾಂಡೇಟ್ ಸರಿ ಕೂತಿರೂದಿಲ್ಲ. ಗಿರಾಕಿ ಆಟೋ ಇದೆ ಅಂತ ಸುಮ್ನಿರ್ತಾರ, ಡೊಮೇನ್ ಹೋಗಿರ್ತದ. ರಿಸೆಲ್ಲರ್ ವಾಲೆಟ್ ಚಲೋ ಅನ್ಲಿಕ್ಕೆ ಇದೂ ಒಂದು ಕಾರಣ, ಅದರಾಗ ಮುಂದಿನ ಎರಡು ತಿಂಗಳ ರಿನ್ಯೂವಲ್‌ಗೆ ಸಾಕಾಗೋಷ್ಟು ಯಾವಾಗಲೂ ಇಟ್ಟಿರ್ರಿ. ಗಿರಾಕಿ ಕಡೆ ಮಾತ್ರ ಉದ್ರಿ ಬ್ಯಾಡ. ರೊಕ್ಕ ಬಂದಮೇಲೇ ರಿನ್ಯೂ ಅಂತ ಮದಲ ದಿನಾನ ಹೇಳಿಬಿಡ್ರಿ, ಹಳೆ ಪರಿಚಯದವರಿದ್ರೂ.

ಗದಗ್ ಹುಡುಗ

ಅಣ್ಣಾರ, ಅಕ್ಕಾರ, ಭಾಳ ಉಪಕಾರ ಆತ್ರಿ. ಅಕ್ಕಾರು ಹೇಳಿದ ಕಾರ್ಡ್ ಮಾತು ನಾವು ಯೋಚನಿನ ಮಾಡಿರ್ಲಿಲ್ಲ. ಇನ್ನೊಂದು ಕೇಳ್ತೀನಿ, ನಮ್ಮ ತಮ್ಮ ಕ್ಲೌಡ್‌ಫ್ಲೇರ್ ಅನ್ನೋ ಕಂಪನ್ಯಾಗ ಲಾಭ ಇಲ್ದ ಖರೀದಿ ರೇಟಿಗೇ ಕೊಡ್ತಾರ, ಅಲ್ಲೇ ಎಲ್ಲಾ ಹಾಕಿಬಿಡೋಣು ಅಂತಾನ. ಮತ್ತ ಗಿರಾಕಿ ಇಮೇಲ್ ಹಾಕಬೇಕಂದ್ರಿ, ನಮ್ಮ ಕಡೆ ಅರ್ಧ ಮಂದಿ ಇಮೇಲ್ ನೋಡೂದ ಇಲ್ಲ, ವಾಟ್ಸಾಪ್ ಅಷ್ಟ. ನಮ್ಮ ಇಮೇಲ್ ಹಾಕಿದ್ರ ನಡಿಯಂಗಿಲ್ಲೇನ್ರಿ?

ಹುಬ್ಬಳ್ಳಿ ಹೋಸ್ಟಿಂಗ್

ಕ್ಲೌಡ್‌ಫ್ಲೇರ್ ರೇಟು ಖರೇನ ಕಮ್ಮಿ, ಆದ್ರ ಅಲ್ಲೆ ಡೊಮೇನ್ ಇಟ್ರ ನೇಮ್‌ಸರ್ವರ್ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳೋದು) ಅವರದ ಇರಬೇಕು, ಮತ್ತ ನಮ್ಮಂತಾವ್ರ ಹೆಸರಿಲೆ ಮಾರೋ ರಿಸೆಲ್ಲರ್ ಪ್ಯಾನೆಲ್ ಅಂತ ಸಿಗಂಗಿಲ್ಲ. ನಿಮ್ಮ ಪ್ರೆಸ್ಸಿನ ಸ್ವಂತ ಡೊಮೇನ್ ಇಟ್ಕೋರಿ, ಚಲೋ ಐತಿ. ಗಿರಾಕಿಗೋಳದು ನಲವತ್ತೂ ಒಂದ ಲಾಗಿನ್‌ನ್ಯಾಗ ಹಾಕಿದ್ರ ಬಿಡಿಸಿಕೊಡೋ ಹೊತ್ತಿಗೆ ತ್ರಾಸ.

ಇಮೇಲ್ ಮಾತಿಗೆ ಬ್ಯಾಡಗಿ ಅಣ್ಣಾರು ಬಂದು ಹೇಳ್ಲಿ, ಅವರ ಕಡೆ ನಡದದ್ದು ಐತಿ.

ಬ್ಯಾಡಗಿ ನೆಟ್

ಹೂಂ ಹೇಳ್ತೀನ್ರಿ. ಇಲ್ಲೆ ಒಬ್ಬರು ಮೆಣಸಿನಕಾಯಿ ದಲಾಲರು, ಅವರ ವೆಬ್‌ಸೈಟು ಡೊಮೇನು ಎಲ್ಲಾ ಯಾರೋ ಒಬ್ಬ ಡಿಸೈನರ್ ಮಾಡಿಕೊಟ್ಟಿದ್ದ, ಅಂವ ತನ್ನ ಜಿಮೇಲ್ ಹಾಕಿ ತನ್ನ ಹೆಸರಿಗೇ ರಿಜಿಸ್ಟರ್ ಮಾಡಿದ್ದ. ಆಮ್ಯಾಗ ಅಂವ ಕೆಲಸ ಬಿಟ್ಟು ಬೆಂಗಳೂರು ಕಡೆ ಹೋದ, ಫೋನ್ ನಂಬರ್ ಬದಲಾತು. ಫೆಬ್ರವರಿ, ಪೂರಾ ಸೀಸನ್, ಸೋಮವಾರ ಗುರುವಾರ ಟೆಂಡರ್ ದಿನ ಮಾರ್ಕೆಟ್ಟಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ಆ ಟೈಮಿನ್ಯಾಗ ಇವರ ಮೇಲ್ ಬಂದ್ ಆತು. ಹೊರಗಿನ ಪಾರ್ಟಿಗೋಳು ರೇಟ್ ಕೇಳಿ ಮೇಲ್ ಹಾಕಿದ್ದು ವಾಪಸ್ ಹೋಗಾಕತ್ತಿದ್ವು, ಇವರು ಸರ್ವರ್ ಕೆಟ್ಟೈತಿ ಅಂತ ತಿಳಕೊಂಡು ಮೂರನೇ ಮಂದಿಗೆ ಕಂಪ್ಯೂಟರ್ ರಿಪೇರಿಗೆ ಕೊಟ್ಟಿದ್ರು. ನನ್ನ ಕಡೆ ಬಂದಾಗ ಐಕ್ಯಾನ್ ಲುಕಪ್ (ಡೊಮೇನ್ ದಾಖಲೆ ನೋಡೋ ಪೇಜ್) ನ್ಯಾಗ ಹೆಸರು ಹಾಕಿ ನೋಡಿದ್ರ ಸ್ಟೇಟಸ್ ಮುಂದ ರಿಡೆಂಪ್ಷನ್ ಪೀರಿಯಡ್ ಅಂತ ಬಿದ್ದೈತಿ. ರಿನ್ಯೂವಲ್ ನೆನಪಿನ ಮೇಲ್ ಬಂದಿರಲಿಕ್ಕಿಲ್ಲ ಅಂತಲ್ಲ, ತಿಂಗಳ ಮದ್ಲ ಒಂದು, ವಾರದ ಮದ್ಲ ಒಂದು, ಮುಗದ ಮ್ಯಾಲ ಐದು ದಿನದೊಳಗ ಒಂದು ಕಳಸಬೇಕಂತ ರಿಜಿಸ್ಟ್ರಾರ್‌ಗೆ ನಿಯಮನ ಐತಿ. ಎಲ್ಲಾ ಆ ಹುಡುಗನ ಜಿಮೇಲ್‌ಗೆ ಹೋಗ್ಯಾವು.

ರಿಜಿಸ್ಟ್ರಾರ್‌ಗೆ ಜಿಎಸ್‌ಟಿ ಸರ್ಟಿಫಿಕೇಟು, ಎಪಿಎಂಸಿ ಲೈಸೆನ್ಸು, ಲೆಟರ್‌ಹೆಡ್ ಮ್ಯಾಲ ಅರ್ಜಿ ಎಲ್ಲಾ ಕಳಸಿದಿವಿ, ಅವರು ಹೇಳಿದ್ದು ಒಂದ ಮಾತು, ದಾಖಲೆದಾಗ ಯಾರ ಹೆಸರೈತಿ ಅವರ ಮಾಲಕರು. ಕಡೀಗೆ ಆ ಹುಡುಗನ ಊರಿಗೆ ಹೋಗಿ ಅವರಪ್ಪಗ ಹೇಳಿ ನಂಬರ್ ತಗೊಂಡು, ಅಂವನ ಕಡಿಂದ ದಂಡ ಕಟ್ಟಿಸಿ ಡೊಮೇನ್ ಬಿಡಿಸಿ ತಂದಿವಿ. ಅಂವ ಕೆಟ್ಟವ ಅಲ್ಲ, ತಕ್ಷಣ ಮಾಡಿಕೊಟ್ಟ. ಆದ್ರ ಸಿಗದ ಇದ್ದಿದ್ರ ಏನ ಗತಿ ಅಂತ ನೋಡ್ರಿ.

ಅದಕ್ಕ ಗದಗ್ ತಮ್ಮಾ, ಇಮೇಲ್ ಗಿರಾಕಿದ ಹಾಕು. ಇಲ್ಲಂದ್ರ ಅವರ ಅಂಗಡಿ ಹೆಸರಿಲೆ ಒಂದು ಜಿಮೇಲ್ ಅವರ ಫೋನಿನ್ಯಾಗ ಅವರ ಎದುರಿಗೇ ತೆಗದುಕೊಡು, ಪಾಸ್‌ವರ್ಡ್ ಅವರ ಡೈರ್ಯಾಗ ಬರಿಸು. ಅಡ್ಮಿನ್, ಟೆಕ್ನಿಕಲ್ ಜಾಗಾ ಇದ್ದಲ್ಲೆ ನಿಂದು ಹಾಕ್ಕೊ, ಪ್ಯಾನೆಲ್‌ನ್ಯಾಗ ರಿಮೈಂಡರ್ ಕಾಪಿ ನಿನಗೂ ಬರ್ತೈತಿ. ಹೊಸಾ ಡಾಟ್ ಕಾಮ್ ತಗೊಂಡಾಗ ಆ ಇಮೇಲ್‌ಗೆ ಬರೋ ವೆರಿಫಿಕೇಷನ್ ಲಿಂಕ್ 15 ದಿನದಾಗ ಒತ್ತದಿದ್ರ ಡೊಮೇನ್ ಸಸ್ಪೆಂಡ್ ಆಕ್ಕೈತಿ, ಹಂಗಾಗಿ ಗಿರಾಕಿ ಅಂಗಡ್ಯಾಗ ಕುಂತು ಅವಾಗ್ಲೇ ಒತ್ತಿಸಿ ಎದ್ದು ಬಾ.

ಧಾರವಾಡದಾಕಿ

ಬ್ಯಾಡಗಿ ಅಣ್ಣಾರು ಹೇಳಿದ್ದಕ್ಕ ನಂದೂ ಒಂದು ಸೇರಿಸ್ತೀನಿ. ರಿಸೆಲ್ಲರ್ ಮುಳುಗಿದ್ರ ಗಿರಾಕಿ ಉಳಿಬೇಕು, ರಿಜಿಸ್ಟ್ರಾರ್ ಮುಳುಗಿದ್ರೂ ಉಳಿಬೇಕು. 2007ರಾಗ ಅಮೆರಿಕಾದಾಗ ರಿಜಿಸ್ಟರ್‌ಫ್ಲೈ ಅಂತ ಒಂದು ರಿಜಿಸ್ಟ್ರಾರ್ ಬಿದ್ದುಹೋದಾಗ ಐಕ್ಯಾನ್ ಅದರ ಮಾನ್ಯತಾ ರದ್ದು ಮಾಡ್ತು, ಮಂದಿ ರಿನ್ಯೂವಲ್ ರೊಕ್ಕ ಕಟ್ಟಿದ್ರೂ ಡೊಮೇನ್ ಕಳಕೊಂಡ್ರು, ಉಳದದ್ದೆಲ್ಲಾ ಗೋಡ್ಯಾಡಿಗೆ ಹೋತು. ರಿಜಿಸ್ಟ್ರಾರ್‌ಗಳು ಗಿರಾಕಿ ಮಾಹಿತಿ ಮೂರನೇವ್ರ ಕಡೆ ಎಸ್ಕ್ರೋದಾಗ ಇಡೂದು ಬಿಗಿ ಆದದ್ದು ಅದಾದ ಮೇಲೆ. ಆ ಎಸ್ಕ್ರೋದಾಗ ನಿಮ್ಮ ಗಿರಾಕಿ ಹೆಸರು ಸರಿ ಇದ್ರನ ಅದರಿಂದ ಉಪಯೋಗ.

ಡಾಟ್ ಇನ್‌ಗೆ ಹೆಸರು ಮುಚ್ಚೋ ಪ್ರೈವಸಿ ಸರ್ವಿಸ್ ನಿಕ್ಸಿ ಒಪ್ಪೂದಿಲ್ಲ, ಕೆವೈಸಿ ಕೇಳಿದ್ರ ಕೊಡಬೇಕು. ಹಂಗಾಗಿ ಆಧಾರ್‌ದಾಗೋ ಪ್ಯಾನ್‌ದಾಗೋ ಇದ್ದಂಗನ ಹೆಸರು ಹಾಕಿಸ್ರಿ. ಮತ್ತ ನಿಮ್ಮ ಗಿರಾಕಿಗಳಾಗ ಅರ್ಬನ್ ಕೋಆಪರೇಟಿವ್ ಬ್ಯಾಂಕ್ ಯಾವುದರ ಇದ್ರ ಅವರ ಡೊಮೇನ್ ನೀವು ಕೊಡ್ಲಿಕ್ಕೆ ಬರೂದಿಲ್ಲ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕಂತ ಆರ್‌ಬಿಐ ಹೇಳಿತ್ತು, ಅದನ್ನ ಕೊಡೂದು ಆರ್‌ಬಿಐ ಕಟ್ಟಿದ ಹೈದರಾಬಾದಿನ ಸಂಸ್ಥಾ ಐಡಿಆರ್‌ಬಿಟಿ ಒಂದೇ. ನೀವು ವೆಬ್‌ಸೈಟ್ ಕೆಲಸ ಅಷ್ಟ ಹಿಡೀರಿ.

ಗದಗ್ ಹುಡುಗ

ಆತ್ರಿ. ಹಂಗಾರ ರೂಪಾಯಿ ಬಿಲ್ ಕೊಡೋ ಕಡೆ ಎರಡು ರಿಸೆಲ್ಲರ್ ಅಕೌಂಟ್ ನೋಡಿ, ಮದ್ಲ ನಮ್ಮ ಪ್ರೆಸ್ಸಿನ ಡೊಮೇನ್ ಒಂದನ್ನ ಒಯ್ದು ಅಲ್ಲಿಂದ ಹೊರಗ ತಗಿಯಾಕ ಎಷ್ಟು ಸಲೀಸ ಐತಿ ನೋಡ್ತೀನಿ, ಆಮ್ಯಾಗ ಉಳದದ್ದು. ಕಡೇ ಪ್ರಶ್ನೆ, ನಲವತ್ತೂ ಟ್ರಾನ್ಸ್‌ಫರ್ ಮಾಡೋವಾಗ ಸೈಟು ಬಂದ್ ಆಗ್ತಾವೇನ್ರಿ?

ಹುಬ್ಬಳ್ಳಿ ಹೋಸ್ಟಿಂಗ್

ಟ್ರಾನ್ಸ್‌ಫರ್‌ನಿಂದ ನೇಮ್‌ಸರ್ವರ್ ಬದಲಾಗಂಗಿಲ್ಲ, ಸೈಟು ನಡೀತಿರ್ತೈತಿ. ಆದ್ರ ಹಳೇ ರಿಜಿಸ್ಟ್ರಾರ್‌ದ ಫುಕಟ್ ಡಿಎನ್‌ಎಸ್ (ಸೈಟು ಮೇಲು ಎಲ್ಲೆ ಐತಿ ಅಂತ ತೋರ್ಸೋ ಪಟ್ಟಿ) ಬಳಸಾಕತ್ತಿದ್ರ ಡೊಮೇನ್ ಹೊರಗ ಹೋದ ಮ್ಯಾಲ ಅವರು ಅದನ್ನ ತಗದ ಹಾಕ್ತಾರ, ಆವಾಗ ಸೈಟೂ ಮೇಲೂ ಎರಡೂ ನಿಲ್ತಾವು. ಅದಕ್ಕ ಮದ್ಲ ಡಿಎನ್‌ಎಸ್ ನಿಮ್ಮ ಹೋಸ್ಟಿಂಗ್ ಕಡೆ ಒಯ್ದು, ಎರಡು ದಿನ ಬಿಟ್ಟು ಆಮ್ಯಾಗ ಟ್ರಾನ್ಸ್‌ಫರ್ ಹಾಕ್ರಿ. ಆ ಪಟ್ಟಿಯಾಗ ಮೇಲ್ ಎಲ್ಲಿಗೆ ಹೋಗಬೇಕು ಅನ್ನೋ ಎಂಎಕ್ಸ್ ರೆಕಾರ್ಡು, ಇಮೇಲ್‌ಗೆ ಸಂಬಂಧಪಟ್ಟ ಟಿಎಕ್ಸ್‌ಟಿ ರೆಕಾರ್ಡು ಬಿಡದಂಗ ಕಾಪಿ ಮಾಡ್ಕೋರಿ, ಸ್ಕ್ರೀನ್‌ಶಾಟ್ ತಗದಿಟ್ಟುಕೊಂಡ್ರ ಇನ್ನೂ ಚಲೋ.

ಡಾಟ್ ಕಾಮ್ ಹೊಸದಾಗಿ ತಗೊಂಡು 60 ದಿನ ಆಗದ ಇದ್ದದ್ದು ಹೋಗಂಗಿಲ್ಲ, ಹೆಸರು ಬದಲಾಯಿಸಿದ್ರೂ 60 ದಿನ ಲಾಕ್ ಬೀಳಬೌದು, ಹಂಗಾಗಿ ಮದ್ಲ ಟ್ರಾನ್ಸ್‌ಫರ್, ಆಮ್ಯಾಗ ಹೆಸರು ತಿದ್ದೂದು. ಆಥ್ ಕೋಡ್ ಕೇಳಿದ್ರ ಐದು ದಿನದೊಳಗ ಕೊಡಬೇಕಂತ ನಿಯಮ ಐತಿ, ಕೊಡದಿದ್ರ ಐಕ್ಯಾನ್‌ಗೆ ದೂರು ಹಾಕಾಕ ಬರ್ತೈತಿ. ಟ್ರಾನ್ಸ್‌ಫರ್‌ಗೆ ಕಟ್ಟಿದ ರೊಕ್ಕದಾಗ ಒಂದು ವರ್ಷ ಮುಂದ ಸೇರ್ತೈತಿ, ಅದಕ್ಕ ರಿನ್ಯೂವಲ್ ತಿಂಗಳು ಎರಡು ತಿಂಗಳು ದೂರ ಇದ್ದದ್ದನ್ನ ಮದ್ಲ ಆರಿಸ್ಕೊ, ಹೆಂಗೂ ಆ ರೊಕ್ಕ ಗಿರಾಕಿ ಕಡಿಂದ ಬರೂದ ಇರ್ತೈತಿ. ಎಕ್ಸ್‌ಪೈರ್ ಆಗಾಕ ಒಂದು ವಾರ ಉಳದದ್ದಕ್ಕ ಮಾತ್ರ ಕೈ ಹಾಕಬ್ಯಾಡ, ಅದನ್ನ ಹಳೇ ಕಡೇನ ರಿನ್ಯೂ ಮಾಡಿಬಿಡು.