ಪ್ರಶ್ನೋತ್ತರ: ಆಯಿ ಊರು ಬಿಟ್ಟು ಬರುವುದಿಲ್ಲ ಎನ್ನುತ್ತಾರೆ

ಪ್ರಶ್ನೆ (ಶಿರಸಿ ತಾಲ್ಲೂಕಿನವರು, ಸದ್ಯ ಬೆಂಗಳೂರು):
ಮೇಡಂ, ನಮಸ್ಕಾರ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಎಪ್ಪತ್ತಾರು ವರ್ಷದ ಆಯಿ (ಅಮ್ಮ) ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಇಲ್ಲಿಗೆ ಕರೆತಂದರೆ ಎರಡು ವಾರ ಇದ್ದು, "ನಿಮ್ಮ ಮನೆಯಲ್ಲಿ ನನಗೆ ಕೆಲಸವೇ ಇಲ್ಲ" ಎಂದು ಹೊರಟುಬಿಡುತ್ತಾರೆ. ಕಳೆದ ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನಾನು ಮನೆಗೆ ಕ್ಯಾಮರಾ ಹಾಕಿಸಬೇಕೆಂದಿದ್ದೇನೆ. ಅಣ್ಣ ವೃದ್ಧಾಶ್ರಮವೇ ಸರಿ ಎನ್ನುತ್ತಾನೆ. ಯಾವುದು ಒಳ್ಳೆಯದು?

ಉತ್ತರ (ಫಿಸಿಯೋಥೆರಪಿಸ್ಟ್, ಶಿರಸಿ):
ಕ್ಯಾಮರಾ ಬಿದ್ದದ್ದನ್ನು ತೋರಿಸುತ್ತದೆಯೇ ಹೊರತು ಬೀಳುವುದನ್ನು ತಡೆಯುವುದಿಲ್ಲ. ಆಷಾಢದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದ ದಿನ ಅದನ್ನೂ ತೋರಿಸುವುದಿಲ್ಲ. ಹಾಕಿಸಲೇಬೇಕೆಂದರೆ ಆಯಿಯನ್ನು ಕೇಳಿ ಹಾಕಿಸಿ.

ನಾನು ಇಂಥ ಮನೆಗೆ ಹೋದಾಗ ಹಿಡಿಕೆ, ಕಮೋಡು ಎಂದು ಶುರು ಮಾಡುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಎಲ್ಲೆಲ್ಲಿಗೆ ಹೋಗುತ್ತೀರಿ ಎಂದು ಕೇಳಿ, ಆ ದಾರಿಯಲ್ಲಿ ಅವರ ಹಿಂದೆಯೇ ನಡೆಯುತ್ತೇನೆ. ಬಚ್ಚಲು, ಕೊಟ್ಟಿಗೆ, ದಾಸವಾಳದ ಗಿಡ, ಹಾಲಿನ ಡೇರಿ. ಎಲ್ಲಿ ಗೋಡೆಗೆ ಕೈ ಊರುತ್ತಾರೋ ಅಲ್ಲಿ ಹಿಡಿಕೆ ಬೇಕು. ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಕೂರಲು ಒಂದು ಕಲ್ಲು ಬೇಕು. ಇದಕ್ಕೆ ಎಂಜಿನಿಯರ್ ಬೇಡ, ಮುಂದಿನ ಬಾರಿ ಬಂದಾಗ ನೀವೇ ನಡೆದು ನೋಡಿ.

ನಮ್ಮ ಕಡೆಯ ಮನೆಗಳಲ್ಲಿ ಅಪಾಯ ಹೆಚ್ಚಾಗಿ ಹೊಸಿಲಿನ ಹೊರಗಿರುತ್ತದೆ. ಪಾಚಿಗಟ್ಟಿದ ಚಿರೆಕಲ್ಲು, ದೂರದ ಬಚ್ಚಲು, ದಣಪೆ (ದನ ನುಗ್ಗದಂತೆ ಬೇಲಿಯ ದಾರಿಗೆ ಅಡ್ಡ ಹಾಕಿದ, ಕಾಲೆತ್ತಿ ದಾಟಬೇಕಾದ ಗಳಗಳು). ಅಂಗಳಕ್ಕೆ ಮಳೆಗಾಲಕ್ಕೆ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಸುವ ಹಳೆಯ ರೂಢಿಯೂ ಒಳ್ಳೆಯದೇ, ಆದರೆ ಅಲುಗಾಡದಂತೆ ಬಿಗಿಯಾಗಿರಬೇಕು. ಮೆಟ್ಟಿಲು ತೆಗೆದು ಇಳಿಜಾರು ಮಾಡಿಸಿ ಎಂದು ಪೇಟೆಯವರು ಹೇಳುತ್ತಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅಷ್ಟು ಉದ್ದಕ್ಕೂ ಪಾಚಿ ಬೆಳೆದರೆ ಅದೇ ಜಾರುಬಂಡೆ. ಗಾಲಿಕುರ್ಚಿ ಬಳಸದವರಿಗೆ ಒರಟು ಮೆಟ್ಟಿಲು, ಪಕ್ಕದಲ್ಲಿ ಗಟ್ಟಿಯಾದ ಕಂಬಿ ವಾಸಿ ಎಂಬುದು ನನ್ನ ಅನುಭವ.

65 ದಾಟಿದವರಲ್ಲಿ ಸುಮಾರು ಮೂವರಿಗೊಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಒಮ್ಮೆ ಬಿದ್ದವರು, ಆ ಹೆದರಿಕೆಗೆ ಓಡಾಟ ಬಿಟ್ಟರೆ, ಕಾಲಿನ ಬಲ ಕುಂದಿ ಮತ್ತೆ ಬೀಳುತ್ತಾರೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಆಯಿಗೆ ಎಷ್ಟು ಹೊತ್ತು ಬೇಕು ನೋಡಿ. ಹನ್ನೆರಡು ಸೆಕೆಂಡಿಗಿಂತ ಹೆಚ್ಚಾದರೆ ಕಾಲಿನ ವ್ಯಾಯಾಮ ಶುರು ಮಾಡಲೇಬೇಕು. ನಿಂತ ಎತ್ತರದಿಂದ ಬಿದ್ದು ಮಣಿಕಟ್ಟು ಮುರಿದಿದೆ ಎಂದರೆ ಮೂಳೆ ಸವೆದಿರಬಹುದು. ಅದನ್ನೂ ಕಣ್ಣಿನ ಪೊರೆಯನ್ನೂ ವೈದ್ಯರಲ್ಲಿ ತಪಾಸಣೆ ಮಾಡಿಸಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಾತ್ರಿ ಎದ್ದ ಕೂಡಲೇ ನಡೆಯದೆ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಲಿ.

ವೃದ್ಧಾಶ್ರಮ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ದನಕ್ಕೆ ಹುಲ್ಲು ಹಾಕುವ ಕೈಗೆ ಏಕಾಏಕಿ ಕೆಲಸ ತಪ್ಪಿಸಿದರೆ ಆ ದೇಹ ಬೇಗ ಕುಸಿಯುವುದನ್ನು ಕಂಡಿದ್ದೇನೆ.

ಇನ್ನೊಂದು ಮಾತು. ತೋಟದ ಕೆಲಸಕ್ಕೆ ನಮ್ಮಲ್ಲಿ ಮುಯ್ಯಾಳು ಇತ್ತಲ್ಲ, ಇಂದು ನಿಮ್ಮಲ್ಲಿಗೆ ನಾವು, ನಾಳೆ ನಮ್ಮಲ್ಲಿಗೆ ನೀವು. ಒಂಟಿ ಹಿರಿಯರ ವಿಷಯದಲ್ಲಿಯೂ ಅದನ್ನೇ ಮಾಡಬಹುದು. ಏಳು ಗಂಟೆಯಾದರೂ ಜಗುಲಿಯ ಬಾಗಿಲು ತೆರೆಯದಿದ್ದರೆ ಪಕ್ಕದ ಮನೆಯವರು ಬಂದು ಕೂಗಬೇಕು. ಹಾಲು ಬಾರದ ದಿನ ಡೇರಿಯವರು ಫೋನು ಮಾಡಬೇಕು. ಮನೆಯ ಒಂದು ಬೀಗದ ಕೈ ಪಕ್ಕದ ಮನೆಯವರಲ್ಲಿರಲಿ. ತುರ್ತಿಗೆ ಬಾರಿಸಿ ಕರೆಯಲು ಹಾಸಿಗೆಯ ಪಕ್ಕ ದೇವರ ಜಾಗಟೆ ಇರಲಿ (ನಗಬೇಡಿ, ಅದಕ್ಕೆ ಚಾರ್ಜ್ ಬೇಡ). ಬದಲಿಗೆ ಅವರ ಮನೆಯ ಹಿರಿಯರನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸುವಾಗ ನೀವು ಜೊತೆಗೆ ಹೋಗಿ.

ಪ್ರಶ್ನೆ (ಅಂಕೋಲಾ):
ಮೇಡಂ, ನಮ್ಮದು ಬೇರೆ ಕಷ್ಟ. ಮನೆಯೊಳಗೆ ಎಲ್ಲ ಅನುಕೂಲ ಮಾಡಿಸಿದ್ದೇವೆ. ಆದರೆ ಅಪ್ಪನ ಗೆಳೆಯರು, ಬ್ಯಾಂಕು, ಮೀನು ಪೇಟೆ ಎಲ್ಲವೂ ಚತುಷ್ಪಥ ಹೆದ್ದಾರಿಯ ಆಚೆ. ದಾಟಲು ಹೆದರಿ ಆರು ತಿಂಗಳಿಂದ ಮನೆಯಲ್ಲೇ ಕೂತಿದ್ದಾರೆ.

ಉತ್ತರ:
ಅವರ ಹೆದರಿಕೆ ಲೆಕ್ಕಕ್ಕೆ ಸರಿಯಾಗಿಯೇ ಇದೆ. ವಯಸ್ಸಾದವರು ಸೆಕೆಂಡಿಗೆ ಸುಮಾರು 0.8 ಮೀಟರ್ ನಡೆಯುತ್ತಾರೆ ಎನ್ನಿ. ಒಂದು ಬದಿಯ ಎರಡು ಲೇನ್ ಏಳು ಮೀಟರ್. ದಾಟಲು ಒಂಬತ್ತು ಸೆಕೆಂಡು ಬೇಕು. ಗಂಟೆಗೆ 80 ಕಿ.ಮೀ. ವೇಗದ ಲಾರಿ ಅಷ್ಟರಲ್ಲಿ 200 ಮೀಟರ್ ಬಂದಿರುತ್ತದೆ. ಪೊರೆ ಬಂದ ಕಣ್ಣಿಗೆ ಅಷ್ಟು ದೂರದ ಲಾರಿಯ ವೇಗ ತಿಳಿಯುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 33 ನಗರಗಳ ಹಿರಿಯರ ಮಾತು ಕೇಳಿ ಹಿರಿಯಸ್ನೇಹಿ ನಗರಗಳ ಕೈಪಿಡಿ ತಂದಿತು. ಅದರಲ್ಲಿರುವ ಎಂಟು ವಿಷಯಗಳಲ್ಲಿ ಮನೆ ಒಂದು ಮಾತ್ರ. ರಸ್ತೆ, ಸಾರಿಗೆ, ಒಡನಾಟ, ಗೌರವ ಇವೆಲ್ಲ ಬೇರೆ ಬೇರೆಯಾಗಿವೆ. ನೀವು ಆ ಒಂದನ್ನು ಮುಗಿಸಿದ್ದೀರಿ.

ಒಬ್ಬರ ಅರ್ಜಿ ಫೈಲಿನಲ್ಲಿ ಮಲಗುತ್ತದೆ. ವಾರ್ಡಿನ ಹಿರಿಯರೆಲ್ಲ ಸೇರಿ, ದಾಟುವ ಜಾಗದ ಫೋಟೋ, ಯಾವ ಹೊತ್ತಿಗೆ ಎಷ್ಟು ಜನ ದಾಟುತ್ತಾರೆ ಎಂಬ ಪಟ್ಟಿ ಸಹಿತ ಪುರಸಭೆಗೂ ಹೆದ್ದಾರಿ ಪ್ರಾಧಿಕಾರಕ್ಕೂ ಕೊಡಿ. ಜೀಬ್ರಾ ಪಟ್ಟಿ, ವೇಗತಡೆ, ವಿಭಜಕದ ನಡುವೆ ನಿಂತುಕೊಳ್ಳಲು ಕಂಬಿಯಿರುವ ಜಾಗ, ಹೀಗೆ ಬೇಕಾದದ್ದನ್ನು ಹೆಸರಿಸಿ ಕೇಳಿ. ಅಲ್ಲಿಯವರೆಗೆ ವಾರಕ್ಕೆರಡು ಸಂಜೆ ಗೆಳೆಯರೇ ಈಚೆ ಬರಲಿ, ಚಹಾ ನಿಮ್ಮ ಮನೆಯದು. ಪಿಂಚಣಿದಾರರಾಗಿದ್ದರೆ ಜೀವನ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೋಗಬೇಕಾಗಿಲ್ಲ, ಪೋಸ್ಟ್‌ಮನ್ ಮನೆಗೆ ಬಂದು ಮಾಡಿಕೊಡುತ್ತಾರೆ.

ಪ್ರಶ್ನೆ (ಕುಮಟಾ):
ಮಕ್ಕಳು ನೋಡಿಕೊಳ್ಳದಿದ್ದರೆ ಯಾರಲ್ಲಿ ಹೇಳಬೇಕು?

ಉತ್ತರ:
ನನ್ನ ಕ್ಷೇತ್ರವಲ್ಲ, ಚಿಕ್ಕದಾಗಿ ಹೇಳುತ್ತೇನೆ. 14567 ಹಿರಿಯರ ಉಚಿತ ಸಹಾಯವಾಣಿ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಕಲ್ಯಾಣದ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶಕ್ಕೆ ಅರ್ಜಿ ಹಾಕಬಹುದು. ಆಸ್ತಿಯನ್ನು ದಾನಪತ್ರ ಮಾಡುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲೇ ಬರೆಸಿ.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ನಿಮ್ಮ ಉತ್ತರವನ್ನು ಫೋನಿನಲ್ಲಿ ಆಯಿಗೆ ಓದಿ ಹೇಳಿದೆ. ಜಾಗಟೆಗೆ ಒಪ್ಪಿದರು. ದಣಪೆ ತೆಗೆಯಲು ಮಾತ್ರ ಒಪ್ಪುತ್ತಿಲ್ಲ, ದನ ನುಗ್ಗುತ್ತವಂತೆ.

ಉತ್ತರ:
ಅವರು ಹೇಳುವುದು ಸರಿ. ದಣಪೆ ಹಾಗೆಯೇ ಇರಲಿ, ಪಕ್ಕದಲ್ಲಿ ಒಂದು ಕಿರುಗೇಟು ಮಾಡಿಸಿ. ಅಗಳಿ ಅವರ ಸೊಂಟದ ಎತ್ತರಕ್ಕಿರಲಿ, ಮಣಿಕಟ್ಟು ಮುರಿಯದ ಕೈಗೆ ಸಿಗುವ ಕಡೆ.