ಫೆಂಟನ್ ಪ್ರಯೋಗ: ಬಣ್ಣ ಹೋಯಿತು, ಸಿಒಡಿ ಯಾಕೆ ಏರಿತು?

ಕಬ್ಬಿಣದ ಕಡಲೆ ಕೇಳಿದ್ದು:

ಪ್ರಾಜೆಕ್ಟ್‌ಗೆ ಫೆಂಟನ್ ವಿಧಾನ (ಕಬ್ಬಿಣ, ಪೆರಾಕ್ಸೈಡ್ ಸೇರಿಸಿ ನೀರಿನ ಬಣ್ಣ ಒಡೆಯುವುದು) ಹಿಡಿದಿದ್ದೇನೆ. ಬಣ್ಣ ರಿಯಾಕ್ಟಿವ್ ಬ್ಲ್ಯಾಕ್ 5 (ಬಟ್ಟೆಗೆ ಹಾಕುವ ಕಪ್ಪು ಬಣ್ಣ), ಲೀಟರಿಗೆ 100 ಮಿಲಿಗ್ರಾಂ. ಪಿಎಚ್ 3ಕ್ಕೆ ಇಳಿಸಿ, ಫೆರಸ್ ಸಲ್ಫೇಟ್ ಕರಗಿಸಿ, ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತೇನೆ. ಶಾಯಿಯಂತಿದ್ದ ನೀರು ನೋಡನೋಡುತ್ತಲೇ ತಿಳಿಯಾಗುತ್ತದೆ. 597 ನ್ಯಾನೋಮೀಟರಿನ ಬೆಳಕಿನಲ್ಲಿ ಬಣ್ಣದ ರೀಡಿಂಗ್ ಹೆಚ್ಚೂಕಡಿಮೆ ಸೊನ್ನೆ. ಆದರೆ ಸಿಒಡಿ (ನೀರಿನ ಕೊಳೆಯನ್ನು ಸುಡಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ) ಮೊದಲಿಗಿಂತ ಜಾಸ್ತಿ ಬರುತ್ತಿದೆ! ಪೆರಾಕ್ಸೈಡ್ ಹೆಚ್ಚಿಸಿದರೆ ಅದೂ ಏರುತ್ತದೆ.

ಇನ್ನೊಂದು ವಿಚಿತ್ರ. ಪಿಎಚ್ 7ರಲ್ಲಿ ಮಾಡಿದಾಗಲೂ ಬಣ್ಣ ಸುಮಾರು ಇಳಿಯಿತು. ಹಾಗಾದರೆ ಆಸಿಡ್ ಯಾಕೆ ಬೇಕು? ಕೊನೆಗೆ ಕಾಸ್ಟಿಕ್ ಸೋಡಾ ಹಾಕಿದಾಗ ಬರುವ ಕಂದು ಕೆಸರು ತಳಕ್ಕೆ ಇಳಿಯುವುದೂ ಇಲ್ಲ, ಮೇಲೇ ತೇಲುತ್ತದೆ.

ಹಳೇ ಬೀಕರ್ ಉತ್ತರ:

ಆ ತೇಲುವ ಕೆಸರೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ. ಹತ್ತಿರದಿಂದ ನೋಡಿ, ಕೆಸರಿನ ಎಳೆಗಳಿಗೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಂಡಿರುತ್ತವೆ. ಅದು ಆಮ್ಲಜನಕ. ಅಂದರೆ ಪೆರಾಕ್ಸೈಡ್ ಇನ್ನೂ ಉಳಿದಿದೆ, ಒಡೆಯುತ್ತಲೇ ಇದೆ. (ಈ ಸ್ಯಾಂಪಲನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಮಾತ್ರ ಇಡಬೇಡಿ.)

ಸಿಒಡಿ ಪರೀಕ್ಷೆಯಲ್ಲಿ ಖರ್ಚಾದ ಡೈಕ್ರೋಮೇಟನ್ನೇ ಕೊಳೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ ಪೆರಾಕ್ಸೈಡ್ ಆ ಡೈಕ್ರೋಮೇಟನ್ನು ತಿನ್ನುತ್ತದೆ. 1 ಮಿಲಿಗ್ರಾಂ ಪೆರಾಕ್ಸೈಡ್ ಲೆಕ್ಕದ ಪ್ರಕಾರ 0.47 ಮಿಲಿಗ್ರಾಂ ಸಿಒಡಿ ತೋರಿಸಬಲ್ಲದು. ಲೀಟರಿಗೆ 500 ಮಿಲಿಗ್ರಾಂ ಉಳಿದಿದ್ದರೆ ಸುಮ್ನೆ 235 ಬಂದು ಕೂರುತ್ತದೆ. ನಿಮ್ಮ 100 ಮಿಲಿಗ್ರಾಂ ಬಣ್ಣವನ್ನು ಪೂರ್ತಿ ಸುಟ್ಟರೂ ಸಿಒಡಿ ಸುಮಾರು 90 ಅಷ್ಟೇ. ಫೆರಸ್ ಕಬ್ಬಿಣ ಉಳಿದಿದ್ದರೆ ಅದೂ ತನ್ನ ಪಾಲು ಸೇರಿಸುತ್ತದೆ, ಮಿಲಿಗ್ರಾಂಗೆ 0.14.

ಪಿಎಚ್ 7ರ ವಿಷಯ. ಅಲ್ಲಿ ನಡೆದದ್ದು ಬಹುಪಾಲು ಫೆಂಟನ್ ಅಲ್ಲ. ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗುವಾಗ ಬಣ್ಣವನ್ನೂ ಹಿಡಿದುಕೊಂಡು ಕೂತಿದೆ. ಬಣ್ಣ ನೀರಿನಿಂದ ಕೆಸರಿಗೆ ಮನೆ ಬದಲಿಸಿತು, ನಾಶವಾಗಲಿಲ್ಲ. ಒಂದು ಬೀಕರಿಗೆ ಪೆರಾಕ್ಸೈಡ್ ಇಲ್ಲದೆ ಅಷ್ಟೇ ಕಬ್ಬಿಣ, ಫೆರಿಕ್ (ಫೆರಸ್ ಆಕ್ಸಿಡೈಸ್ ಆದರೆ ಬರುವ) ರೂಪದಲ್ಲಿ ಹಾಕಿ ನೋಡಿ. ಪಿಎಚ್ 3ರ ಸ್ಯಾಂಪಲ್‌ಗೂ ಇದೇ ಅನುಮಾನ ಇಟ್ಟುಕೊಳ್ಳಿ. ಕಾಸ್ಟಿಕ್ ಹಾಕಿ ಸೋಸಿದ ಮೇಲೆ ರೀಡಿಂಗ್ ತೆಗೆದರೆ, ಎಷ್ಟು ಒಡೆಯಿತು, ಎಷ್ಟು ಕೆಸರಿಗೆ ಹೋಯಿತು ಅಂತ ಬೇರೆ ಮಾಡಲು ಆಗುವುದಿಲ್ಲ. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ಪೆರಾಕ್ಸೈಡ್ ಇಲ್ಲದ ಈ ಕಂಟ್ರೋಲ್ (ಹೋಲಿಕೆಯ ಬೀಕರ್) ಇರುವುದೇ ಇಲ್ಲ, ನೋಡಿದರೆ ರೇಗುತ್ತದೆ.

ಆಸಿಡ್ ಬೇಕಾಗುವುದು ಕಬ್ಬಿಣ ಕರಗಿರಲಿ ಅಂತ. ಪಿಎಚ್ 4 ದಾಟಿದರೆ ಫೆರಿಕ್ ಕೆಳಗೆ ಕೂರುತ್ತದೆ, ಪೆರಾಕ್ಸೈಡ್ ಬಣ್ಣ ಒಡೆಯುವ ಚುರುಕಿನ ತುಣುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಕೊಡದೆ ನೀರು, ಆಮ್ಲಜನಕವಾಗಿ ವ್ಯರ್ಥವಾಗುತ್ತದೆ. ಹಾಗಂತ ಪೆರಾಕ್ಸೈಡ್ ಸುರಿಯುತ್ತಾ ಹೋದರೂ ಲಾಭವಿಲ್ಲ. ಹೆಚ್ಚಾದದ್ದು ರ‍್ಯಾಡಿಕಲನ್ನೇ ನುಂಗುತ್ತದೆ. ಕಂತಿನಲ್ಲಿ ಹಾಕಿ.

ನಿಮ್ಮ ಫೆರಸ್ ಸಲ್ಫೇಟ್ ಹರಳು ಯಾವ ಬಣ್ಣ? ತಿಳಿ ಹಸಿರು ಇರಬೇಕು. ಅಂಚು ಕಂದಾಗಿದ್ದರೆ ಆಗಲೇ ಫೆರಿಕ್ ಆಗಿದೆ.

ಅರ್ಧ ಬೆಳಕು ಉತ್ತರ:

ಮೇಲಿನದಕ್ಕೆ ಒಂದೇ ಸೇರಿಸುತ್ತೇನೆ. ಪೆರಾಕ್ಸೈಡ್ ಪೂರ್ತಿ ತೆಗೆದರೂ ಸಿಒಡಿ ಸೊನ್ನೆಗೆ ಬರಲಿಕ್ಕಿಲ್ಲ, ಗಾಬರಿಯಾಗಬೇಡಿ. ಇದು ಅಜೋ ಬಣ್ಣ, ಕಾರ್ಬನ್ ಉಂಗುರಗಳನ್ನು ನೈಟ್ರೋಜನ್ ಜೋಡಿ ಬೆಸೆದಿರುತ್ತದೆ. ಆ ಜೋಡಿ ಮುರಿದರೆ ಸಾಕು, ಬಣ್ಣ ಕಾಣುವುದಿಲ್ಲ. ಉಂಗುರಗಳು ಆಮೇಲೆ ನಿಧಾನವಾಗಿ ಒಡೆದು ಆಕ್ಸಾಲಿಕ್, ಅಸಿಟಿಕ್‌ನಂಥ ಸಣ್ಣ ಆಸಿಡ್‌ಗಳಲ್ಲಿ ನಿಲ್ಲುತ್ತವೆ. ಆಕ್ಸಾಲಿಕ್ ಫೆರಿಕ್ ಜೊತೆ ಗಂಟು ಹಾಕಿಕೊಳ್ಳುತ್ತದೆ. ಕತ್ತಲಲ್ಲಿ ಫೆರಿಕ್ ಮತ್ತೆ ಫೆರಸ್ ಆಗುವುದೂ ತೀರಾ ನಿಧಾನ, ಅದಕ್ಕೇ ಮೊದಲ ಓಟ ಮುಗಿದ ಮೇಲೆ ಎಲ್ಲ ಕುಂಟುತ್ತದೆ. ಯುವಿ ದೀಪ ಅಥವಾ ಬಿಸಿಲು ಕೊಟ್ಟರೆ ಆ ಗಂಟೂ ಬಿಚ್ಚುತ್ತದೆ, ಫೆರಸ್ಸೂ ವಾಪಸ್ ಬರುತ್ತದೆ. ಟಿಒಸಿ (ಒಟ್ಟು ಸಾವಯವ ಕಾರ್ಬನ್) ಅಳೆಯುವ ಅನುಕೂಲ ಇದ್ದರೆ ಅದನ್ನೇ ಅಳೆಯಿರಿ, ಪೆರಾಕ್ಸೈಡಿನಲ್ಲಿ ಕಾರ್ಬನ್ನೇ ಇಲ್ಲವಲ್ಲ.

ನೀರುಗಂಟಿ ಉತ್ತರ:

ನಾನು ಶುದ್ಧೀಕರಣ ಘಟಕ ನಡೆಸುವವನು. ಡಿಸ್ಟಿಲ್ಡ್ ವಾಟರಿನಲ್ಲಿ ಎಲ್ಲ ಚೆಂದ. ನಿಜವಾದ ರಿಯಾಕ್ಟಿವ್ ಡೈ ನೀರಿನಲ್ಲಿ ಉಪ್ಪೂ ವಾಷಿಂಗ್ ಸೋಡಾವೂ ಧಾರಾಳ. ಸೋಡಾ ಇದ್ದಷ್ಟೂ ಆಸಿಡ್ ಕುಡಿಯುತ್ತದೆ, ನೊರೆ ಉಕ್ಕುತ್ತದೆ. ಕ್ಲೋರೈಡ್ ರ‍್ಯಾಡಿಕಲ್‌ಗಳನ್ನು ಹಿಡಿದುಹಾಕುತ್ತದೆ. ಕೆಸರಿನ ಲೆಕ್ಕವನ್ನೂ ಬರೆಯಿರಿ: 1 ಕಿಲೋ ಫೆರಸ್ ಸಲ್ಫೇಟ್ ಹರಳಿಗೆ ಒಣ ಹೈಡ್ರಾಕ್ಸೈಡ್ ಸುಮಾರು 380 ಗ್ರಾಂ, ಒದ್ದೆಯಿದ್ದಾಗ ಅದರ ಎಷ್ಟೋ ಪಟ್ಟು. ನನ್ನನ್ನು ಕೇಳಿದರೆ, ಎಲ್ಲ ನೀರಿಗೂ ಫೆಂಟನ್ ಬೇಡ. ದಟ್ಟ ಬಣ್ಣದ ನೀರನ್ನು ಬೇರೆ ಹಿಡಿದು ಅದಕ್ಕೆ ಮಾತ್ರ ಮಾಡಿ, ಉಳಿದದ್ದನ್ನು ಬ್ಯಾಕ್ಟೀರಿಯಾಗೆ ಬಿಡುವುದು ವಾಸಿ.

ಕಬ್ಬಿಣದ ಕಡಲೆ:

ಗುಳ್ಳೆ ಇದೆ, ಈಗಷ್ಟೇ ನೋಡಿದೆ! ಪೆರಾಕ್ಸೈಡ್ ತೆಗೆಯಲು ಸೋಡಿಯಂ ಸಲ್ಫೈಟ್ ಹಾಕಲೇ?

ಹಳೇ ಬೀಕರ್:

ಹಾಕಬಹುದು. ಆದರೆ ಹೆಚ್ಚಾದ ಸಲ್ಫೈಟ್ ಕೂಡ ಡೈಕ್ರೋಮೇಟ್ ತಿನ್ನುತ್ತದೆ, ಮತ್ತೆ ಅದೇ ಕಥೆ. ಕೆಸರು ಸೋಸಿ, ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ ಕಲಕಿ, ಗುಳ್ಳೆ ನಿಂತ ಮೇಲೆ ಇನ್ನೊಮ್ಮೆ ಸೋಸಿ. ಪೆರಾಕ್ಸೈಡ್ ಪಟ್ಟಿ ಅದ್ದಿ ನೋಡಿ, ನೀಲಿ ಬರದಿದ್ದರೆ ಮಾತ್ರ ಸಿಒಡಿಗೆ ಇಡಿ. ಬಣ್ಣವಿಲ್ಲದ ನೀರಿಗೂ ಇದೇ ಉಪಚಾರ ಮಾಡಿ ಬ್ಲ್ಯಾಂಕ್ (ಹೋಲಿಕೆಯ ರೀಡಿಂಗ್) ತೆಗೆಯಿರಿ. ಹೊಸ ಅಂಕಿ ಬಂದಾಗ ಇಲ್ಲೇ ಹಾಕಿ.