ಡ್ರೈವ್‌ಶಾಫ್ಟ್, ಸೀಜ್ ಆದ ಬ್ರೇಕ್: ಫಲಕಕ್ಕೆ ಕನ್ನಡ ಬೇಕು

ಪ್ರಶ್ನೆ (ದಾವಣಗೆರೆ):
ದುರಸ್ತಿಯಾದ ಹಳೆಯ ಕಾರೊಂದಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಮುದ್ರಣಕ್ಕೆ ಕೊಡಬೇಕು. 1980ರ ದಶಕದ ಮಾರುತಿ 800. ಗಾಲಿ ತಿರುಗಿಸುವ ದಂಡದ (ಡ್ರೈವ್‌ಶಾಫ್ಟ್) ಕೀಲು ಮುಚ್ಚುವ ರಬ್ಬರ್ ಬೂಟು ಹರಿದು, ಗ್ರೀಸ್ ಸೋರಿ, ದೂಳು ಹೊಕ್ಕು ಎರಡೂ ಡ್ರೈವ್‌ಶಾಫ್ಟ್ ಹಾಳಾಗಿದ್ದವು. ಬ್ರೇಕ್ ಆಯಿಲ್ ತೇವ ಹೀರಿ ಹಿಂಗಾಲಿಗಳ ಬ್ರೇಕ್ ಸಿಲಿಂಡರುಗಳಲ್ಲಿ ಪಿಸ್ಟನ್ ತುಕ್ಕು ಹಿಡಿದು ಕೂತು, ಬ್ರೇಕ್ ಅಲುಗದೆ ಸೀಜ್ ಆಗಿತ್ತು. ‘ಚಾಲಕ ಅಚ್ಚು’, ‘ಸ್ತಂಭಿತ ಗತಿರೋಧಕ’ ಎಂದರೆ ಆದೀತೇ?

ಉತ್ತರ (ಚಿತ್ರದುರ್ಗ):
‘ಗತಿರೋಧಕ’ ಬೇಡವೇ ಬೇಡ. ‘ಅಚ್ಚು’ ಇರಲಿ, ಬಂಡಿಯ ಕಾಲದ ಅಚ್ಚಗನ್ನಡ. ‘ತಿರುಗಚ್ಚು’ ಎಂದು ಬರೆಯಿರಿ. ಎರವಲಿಗೆ ಕೈಚಾಚುವ ಮುನ್ನ ನಮ್ಮ ಕಣಜ ನೋಡಬೇಕು.

ಉತ್ತರ (ದಾವಣಗೆರೆ, ಇನ್ನೊಬ್ಬರು):
ಒಪ್ಪುವುದಿಲ್ಲ. ಎತ್ತಿನ ಗಾಡಿಯ ಅಚ್ಚು ಅಲುಗದೆ ಭಾರ ಹೊರುತ್ತದೆ, ಗಾಲಿ ಅದರ ಸುತ್ತ ತಿರುಗುತ್ತದೆ. ಡ್ರೈವ್‌ಶಾಫ್ಟ್ ತಾನೇ ತಿರುಗಿ ಗಾಲಿಯನ್ನು ತಿರುಗಿಸುತ್ತದೆ. ‘ತಿರುಗಚ್ಚು’ ಎಂದರೆ ಬಂಡಿ ಕಂಡವನಿಗೂ ಗೊಂದಲ, ಕಾರು ಕಂಡವನಿಗೂ ಗೊಂದಲ. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಹಿಂದಿನ ಗಾಲಿಗಳ ಕಡೆಗೆ ಹೋಗುವ ಒಂದು ಉದ್ದ ಶಾಫ್ಟ್. ಮಾರುತಿಯಲ್ಲಿ ಮುಂದಿನ ಒಂದೊಂದು ಗಾಲಿಗೂ ಒಂದು ಗಿಡ್ಡ ಶಾಫ್ಟ್. ಪಿ.ಬಿ. ರಸ್ತೆಯ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಇದೇ ಮಾತು.

ಇನ್ನು ಅಚ್ಚಗನ್ನಡದ ವಿಚಾರ. ಲಕ್ಷ್ಮಿ ಲಚ್ಚಿಯಾದಂತೆ ಸಂಸ್ಕೃತದ ಅಕ್ಷ ಅಚ್ಚಾಗಿದೆ. ಹಳೆಯ ಎರವಲು ಮಡಿ, ಹೊಸದು ಮೈಲಿಗೆ ಎಂಬ ನ್ಯಾಯ ಎಲ್ಲಿಯದು?

ಬ್ರೇಕಿಗೆ ಕ್ರಿಯಾಪದವನ್ನು ಎಚ್ಚರದಿಂದ ಆರಿಸಿ. ‘ಬ್ರೇಕ್ ಹಿಡಿಯುತ್ತದೆ’ ಎಂದರೆ ಚೆನ್ನಾಗಿದೆ ಎಂದರ್ಥ. ‘ಹಿಡಿದುಕೊಂಡಿದೆ’ ಎಂದರೆ ಕೆಟ್ಟಿದೆ. ಫಲಕವನ್ನು ಅವಸರದಲ್ಲಿ ಓದುವವರಿಗೆ ಆ ‘ಕೊಂಡು’ ಕಾಣದೆ ಹೋಗಬಹುದು. ‘ಕಚ್ಚಿಕೊಂಡಿತ್ತು’ ಎನ್ನಿ, ಎರಡನೆಯ ಅರ್ಥಕ್ಕೆ ಎಡೆಯಿಲ್ಲ.

ಉತ್ತರ (ಚಿತ್ರದುರ್ಗ):
ತದ್ಭವವನ್ನು ಇಂಗ್ಲಿಷ್ ಎರವಲಿನ ಸಾಲಿಗೆ ಸೇರಿಸುವುದು ಅನ್ಯಾಯ. ಅಚ್ಚು ಕನ್ನಡದ ಬಾಯಿಗೆ ಒಗ್ಗಿದೆ. ‘ಶಾಫ್ಟ್’ನಲ್ಲಿರುವ ಇಂಗ್ಲಿಷಿನ ಎಫ್ ಧ್ವನಿಯೇ ನಮ್ಮ ವರ್ಣಮಾಲೆಯಲ್ಲಿಲ್ಲ.

ಉತ್ತರ (ದಾವಣಗೆರೆ, ಇನ್ನೊಬ್ಬರು):
ಆ ಧ್ವನಿ ಕಾಫಿಯಲ್ಲೂ ಇದೆ. ಮೆಕ್ಯಾನಿಕ್ ನಿತ್ಯ ಕೈಯಲ್ಲಿ ಹಿಡಿಯುವ ವಸ್ತುವಿಗೆ ಅವನಿಗೇ ತಿಳಿಯದ ಹೆಸರಿಡುವುದನ್ನು ನುಡಿಸೇವೆ ಎಂದು ನಾನು ಒಪ್ಪಲಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆ. ಕಳಿಸುತ್ತಿರುವ ಪಾಠ: ‘ಮುಂಗಾಲಿಗಳ ಎರಡೂ ಡ್ರೈವ್‌ಶಾಫ್ಟ್ ಹಾಳಾಗಿದ್ದವು, ಹಿಂಗಾಲಿಗಳ ಬ್ರೇಕ್ ಕಚ್ಚಿಕೊಂಡಿತ್ತು.’ ‘ಡ್ರೈವ್‌ಶಾಫ್ಟ್’ ಒಂದೇ ಪದವಾಗಿ ಇರಲಿ ತಾನೇ? ರಾತ್ರಿಯೊಳಗೆ ತಿಳಿಸಿ.